ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಜೀವಿತವೂ ಒಂದು ರೈಲು ಪ್ರಯಾಣವೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಬ್ಬ ಮಹಿಳೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಲ್ಪಟ್ಟಾಗ, ದೂರದೇಶದ ರಾಣಿಯರನ್ನೂ ದಾದಿಯರನ್ನೂ ಬಿಟ್ಟು, ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿ ಹುಟ್ಟಿ ಬೆಳೆದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನಾವು ಆರಿಸಿಕೊಂಡೆವು. ಆಕೆಯ ಹೆಸರನ್ನು ಕೇಳದವರು ವಿರಳ. ಕೈಮಗ್ಗದ ಸೀರೆ, ಮರದ ಬೊಂಬೆ, ಕಸೂತಿಯ ರವಿಕೆ ಇವುಗಳೊಡನೆ ಆ ಹೆಸರು ಕೂಡಿಕೊಂಡಿದೆ. ಆದರೆ ಅಮೇರಿಕಾ ದೇಶದಲ್ಲಿ ಒಂದು ರೈಲುಬಂಡಿಯೊಳಗೆ ಆಕೆಯು ಕುಳಿತ ಸ್ಥಳದಿಂದ ಏಳದೆ ಇದ್ದ ಸಂಗತಿಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. ಈ ಬರಹದಲ್ಲಿ ಆ ಸಂಗತಿಗೇ ಹೆಚ್ಚು ಸ್ಥಳವನ್ನು ಕೊಟ್ಟು, ಉಳಿದುದನ್ನು ಸಂಕ್ಷೇಪವಾಗಿ ಹೇಳುವೆವು. ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಓದಿದ ನಮ್ಮ ಹೆಣ್ಣುಮಕ್ಕಳಿಗೆ, ಪ್ರಯಾಣದಲ್ಲಿ ತಮಗೆ ದೊರೆತ ಆಸನದ ಬೆಲೆಯೇನೆಂಬುದನ್ನು ನಾವು ಬೇರೆಯಾಗಿ ಹೇಳಬೇಕಾಗಿಲ್ಲ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಉದ್ಯೋಗದಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ಶಾಲೆಯ ವಿದ್ಯೆಗಿಂತಲೂ ಮನೆಯ ಓದಿನಿಂದ ಬುದ್ಧಿಯನ್ನು ಹರಿತಗೊಳಿಸಿಕೊಂಡಿದ್ದ ಧೀರೆ. ಆಗ ಮಂಗಳೂರೂ ನಮ್ಮ ಬಳ್ಳಾರಿಯೂ ಒಂದೇ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿಯು ಮೈಸೂರು ಸಂಸ್ಥಾನಕ್ಕೆ ಸೇರಿದುದು 1953ನೆಯ ಅಕ್ಟೋಬರ್ 1ರಂದು. ಆದಕಾರಣ ಆ ಬಾಲೆಯು ಬೆಳೆದ ಕಾಲದ ಕಾಯಿದೆಗಳೇ ನಮ್ಮ ಅಜ್ಜಿಯರ ಕಾಲದ ಕಾಯಿದೆಗಳು.

ಆಕೆಗೆ ಕಾಯಿದೆಯ ಪರಿಚಯವು ಬಹಳ ಬೇಗನೆ ಆಯಿತು. ಏಳು ವರ್ಷದ ಪ್ರಾಯದಲ್ಲಿ ತಂದೆಯು ತೀರಿಕೊಂಡರು, ಮರಣಶಾಸನವನ್ನು ಬರೆದಿಟ್ಟಿರಲಿಲ್ಲ. ಆಗಿನ ನಿಯಮದಂತೆ ಆಸ್ತಿಯೆಲ್ಲವೂ ಮಲಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಜೀವನಾಂಶವಲ್ಲದೆ ಬೇರೇನೂ ಇರಲಿಲ್ಲ. ಗಿರಿಜಾಬಾಯಿಯವರು ಆ ಜೀವನಾಂಶವನ್ನೂ ಬೇಡವೆಂದು, ತಮ್ಮ ತವರಿನಿಂದ ಬಂದುದರಲ್ಲಿಯೇ ಮಕ್ಕಳನ್ನು ಸಾಕಿದರು. ತಪ್ಪು ಒಬ್ಬ ಮನುಷ್ಯನದಾದರೆ ಅವನೊಡನೆ ಜಗಳವಾಡಬಹುದು. ಶಾಸನದ್ದಾದರೆ ಯಾರೊಡನೆ ಜಗಳವಾಡುವುದು? ಈ ಪ್ರಶ್ನೆಯು ಆ ಮನೆಯಲ್ಲಿ ಅಂದೇ ಹುಟ್ಟಿರಬೇಕೆಂದು ನಮಗೆ ತೋರುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ವಿವಾಹವಾಯಿತು. ಎರಡು ವರ್ಷಗಳೊಳಗೆ ವೈಧವ್ಯವೂ ಬಂದಿತು. ಬಾಲವಿಧವೆಯರ ಗತಿಯು ಆಗ ಏನಾಗಿದ್ದಿತೆಂಬುದನ್ನು ನಮ್ಮ ಹಿರಿಯ ಓದುಗರು ತಮ್ಮ ತಮ್ಮ ಮನೆತನಗಳ ನೆನಪಿನಿಂದಲೇ ಬಲ್ಲರು. ಆದರೆ ಗಿರಿಜಾಬಾಯಿಯವರು ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಓದನ್ನು ಮುಂದುವರಿಸಿದರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಕಮಲಾದೇವಿಯವರಿಗೆ ಶ್ರೀಮತಿ ಸರೋಜಿನೀ ನಾಯ್ಡು ಅವರ ತಂಗಿಯ ಸ್ನೇಹವು ಲಭಿಸಿ, ಅದರ ಮೂಲಕ ಸಹೋದರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಅವರೊಡನೆ ಪುನರ್ವಿವಾಹವು ನಡೆಯಿತು. ಬಂಗಾಳಿ ಕವಿಯೊಡನೆ ಸಾರಸ್ವತ ವಿಧವೆಯ ವಿವಾಹವೆಂದರೆ ಆ ಕಾಲದಲ್ಲಿ ಸಾಮಾನ್ಯವೇ? ಊರವರ ಮಾತುಗಳು ಬಹಳವಾಗಿದ್ದವು. ಮುಂದೆ ಆ ದಾಂಪತ್ಯವೂ ಕಾಯಿದೆಯ ಪ್ರಕಾರವಾಗಿಯೇ ಮುಗಿದುದರಿಂದ ಮತ್ತಷ್ಟು ಮಾತುಗಳಾದವು. ಒಬ್ಬ ಮಗನು ಹುಟ್ಟಿದ್ದನು. ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ವ್ಯಾಸಂಗಮಾಡಿ ಸ್ವದೇಶಕ್ಕೆ ಮರಳಿ ಬಂದರು.

1926ರಲ್ಲಿ ಮದ್ರಾಸು ಶಾಸನಸಭೆಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದಾದೊಡನೆ, ಐರ್ಲೆಂಡಿನಿಂದ ಬಂದು ನಮ್ಮ ದೇಶದ ಸ್ತ್ರೀಯರಿಗಾಗಿ ದುಡಿಯುತ್ತಿದ್ದ ಶ್ರೀಮತಿ ಮಾರ್ಗರೆಟ್ ಕಸಿನ್ಸರ ಪ್ರೋತ್ಸಾಹದಿಂದ ಕಮಲಾದೇವಿಯವರು ಚುನಾವಣೆಗೆ ನಿಂತರು. ಸಿದ್ಧತೆಗೆ ದೊರೆತ ದಿನಗಳು ಕೆಲವೇ. ಅತ್ಯಲ್ಪ ಮತಗಳ ಅಂತರದಿಂದ ಸೋತರು. ಸೋತುದರಿಂದ ನಷ್ಟವಾಗಲಿಲ್ಲ. ಅಖಿಲ ಭಾರತ ಮಹಿಳಾ ಸಮ್ಮೇಳನವು ಹುಟ್ಟಿದಾಗ ಅದರ ಕಾರ್ಯವನ್ನು ಹೊತ್ತು ಊರೂರು ತಿರುಗಿದವರು ಇವರೇ. 1930ರಲ್ಲಿ ಉಪ್ಪಿನ ಸತ್ಯಾಗ್ರಹವು ಆರಂಭವಾದಾಗ, ದಂಡಿಯಾತ್ರೆಯಲ್ಲಿ ಸ್ತ್ರೀಯರಿಗೆ ಸ್ಥಳವಿಲ್ಲವೆಂಬ ನಿರ್ಣಯವನ್ನು ಒಪ್ಪದೆ, ಸ್ವತಃ ಗಾಂಧೀಜಿಯವರ ಬಳಿಗೆ ಹೋಗಿ ವಾದಿಸಿ, ಸತ್ಯಾಗ್ರಹದಲ್ಲಿ ಸ್ತ್ರೀಯರೂ ಸೇರಲು ಅನುಮತಿಯನ್ನು ಪಡೆದರು. ಮುಂಬಯಿಯ ಕಡಲತಡಿಯಲ್ಲಿ ಉಪ್ಪು ಕಾಯಿಸಿ, ಪೊಟ್ಟಣಗಳನ್ನು ಕಟ್ಟಿ ಷೇರುಪೇಟೆಯಲ್ಲಿಯೂ ಉಚ್ಚ ನ್ಯಾಯಾಲಯದ ಆವರಣದಲ್ಲಿಯೂ ಮಾರಿ, ಸೆರೆಮನೆಯನ್ನು ಸೇರಿದರು.

ನಾಟಕವೆಂದರೆ ಬಳ್ಳಾರಿಯವರಿಗೆ ಕಿವಿ ನೆಟ್ಟಗಾಗುವುದುಂಟು. ಆದುದರಿಂದ ಇನ್ನೊಂದು ಮಾತು. ನಮ್ಮ ಊರಿನ ಹೆಮ್ಮೆಯಾದ ನಟಶ್ರೇಷ್ಠ ಬಳ್ಳಾರಿ ರಾಘವರು ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹೋರಾಡುತ್ತಿದ್ದ ಕಾಲದಲ್ಲಿಯೇ, ಕಮಲಾದೇವಿಯವರು ರಂಗದ ಮೇಲೆಯೂ, ಮೃಚ್ಛಕಟಿಕದ ಕಥೆಯ ಮೂಕ ಚಲಚ್ಚಿತ್ರದಲ್ಲಿಯೂ ಅಭಿನಯಿಸಿದರು. ಕುಲೀನ ಸ್ತ್ರೀಯು ಬಣ್ಣ ಹಚ್ಚುವುದೇ ಎಂದು ಮೂಗುಮುರಿದವರಿಗೆ ಆಕೆಯು ಲಕ್ಷ್ಯಕೊಡಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. 1939ರಲ್ಲಿ ಕಮಲಾದೇವಿಯವರು ಐರೋಪ್ಯ ಖಂಡದಲ್ಲಿದ್ದಾಗ ಎರಡನೆಯ ಮಹಾಯುದ್ಧವು ಹೊತ್ತಿಕೊಂಡಿತು. ಅಲ್ಲಿಂದ ಅಮೇರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ, 1941ರವರೆಗೆ ಆ ವಿಶಾಲ ದೇಶವನ್ನು ಸಂಚರಿಸಿದರು. ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣಮಾಡುವುದು ಒಂದು ಉದ್ದೇಶವಾದರೆ, ಆ ದೇಶದ ಕರಿಯ ಜನರ ಬಾಳನ್ನು ಕಣ್ಣಾರೆ ಕಾಣುವುದು ಇನ್ನೊಂದು. ದೊಡ್ಡ ಹೋಟೆಲುಗಳ ಕಿಟಕಿಯಿಂದ ದೇಶವನ್ನು ನೋಡಿಬರುವ ಪ್ರವಾಸಿಗಳಂತಿರದೆ ಅವರ ಬೀದಿಗಳಿಗೂ ಸಂಸ್ಥೆಗಳಿಗೂ ಹೋದರು.

ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನ ಸಂಗತಿಯು ಅರ್ಥವಾಗುವುದಿಲ್ಲ. ಅಮೇರಿಕಾದ ಅಂತರ್ಯುದ್ಧದ ತರುವಾಯ, 1865ರಲ್ಲಿ, ಗುಲಾಮಗಿರಿಯು ರದ್ದಾಯಿತು. ಆದರೆ ದಕ್ಷಿಣದ ಸಂಸ್ಥಾನಗಳು ಒಂದೊಂದಾಗಿ ಕಾಯಿದೆಗಳನ್ನು ಮಾಡಿ, ಬಿಳಿಯರನ್ನೂ ಕರಿಯರನ್ನೂ ಶಾಲೆ, ಬಂಡಿ, ಉಪಾಹಾರಗೃಹ, ನೀರಿನ ನಲ್ಲಿ, ಕಡೆಗೆ ಸ್ಮಶಾನದಲ್ಲಿ ಕೂಡ ಬೇರ್ಪಡಿಸಿದವು. ಲೂಯಿಸಿಯಾನಾ ಸಂಸ್ಥಾನದ 1890ರ ಕಾಯಿದೆಯು ರೈಲುಗಳಲ್ಲಿ ಎರಡು ಜನಾಂಗಗಳಿಗೂ ಬೇರೆ ಬೇರೆಯಾದ, ಆದರೆ ಸಮಾನವಾದ ಡಬ್ಬಿಗಳಿರಬೇಕೆಂದು ವಿಧಿಸಿತು. ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವವನು ಬಂಡಿಯ ಅಧಿಕಾರಿ. ಅವನ ಮಾತನ್ನು ಮೀರಿದ ಪ್ರಯಾಣಿಕನಿಗೆ 25 ಡಾಲರುಗಳ ದಂಡ ಅಥವಾ 20 ದಿನಗಳವರೆಗಿನ ಸೆರೆವಾಸ. ಪ್ರಯಾಣಿಕನನ್ನು ತಪ್ಪು ಡಬ್ಬಿಯಲ್ಲಿ ಕೂರಿಸಿದ ಅಧಿಕಾರಿಗೂ ಅದೇ ಶಿಕ್ಷೆ. ಇದರಲ್ಲಿ ಒಂದು ವಿನಾಯಿತಿಯಿದ್ದಿತು: ಬೇರೆ ಜನಾಂಗದ ಮಗುವನ್ನು ಎತ್ತಿಕೊಂಡ ದಾದಿಗೆ ಈ ನಿಯಮವು ಅನ್ವಯಿಸದು. ಅಂದರೆ ಕರಿಯ ಹೆಂಗಸು ಬಿಳಿಯ ಮಗುವಿನ ಆಯಾ ಆಗಿ ಬಿಳಿಯರ ಮಧ್ಯೆ ಕೂರಬಹುದು. ತನ್ನ ಮಗುವನ್ನೇ ಎತ್ತಿಕೊಂಡು ಕೂರಕೂಡದು! ತಾಯಂದಿರಾದ ನಮ್ಮ ಓದುಗರು ಈ ವಿನಾಯಿತಿಯ ಮೇಲೆ ಒಂದು ನಿಮಿಷ ನಿಲ್ಲಲಿ.

ನ್ಯೂ ಆರ್ಲಿಯನ್ಸ್ ನಗರದ ಕೆಲವು ಪೌರರು ಸಮಿತಿಯೊಂದನ್ನು ರಚಿಸಿ ಈ ಕಾಯಿದೆಯನ್ನು ಪರೀಕ್ಷಿಸಲು ನಿಶ್ಚಯಿಸಿದರು. 1892ನೆಯ ಜೂನ್ 7ರಂದು ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರನು ಮೊದಲನೆಯ ತರಗತಿಯ ಟಿಕೇಟು ಕೊಂಡು ಬಿಳಿಯರ ಡಬ್ಬಿಯಲ್ಲಿ ಕುಳಿತನು. ಅವನ ರಕ್ತದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರದು. ನೋಡಿದರೆ ಭೇದವೇ ತಿಳಿಯದು. ತಾನು ಕರಿಯನೆಂದು ಹೇಳಿಕೊಂಡುದರಿಂದ ಬಂಧಿತನಾದನು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1896ನೆಯ ಮೇ 18ರಂದು ಏಳು ಮಂದಿ ನ್ಯಾಯಾಧೀಶರು ಕಾಯಿದೆಯನ್ನು ಎತ್ತಿಹಿಡಿದರು. ನ್ಯಾಯಾಧೀಶ ಹಾರ್ಲನ್ ಒಬ್ಬರೇ ಒಪ್ಪಲಿಲ್ಲ. ವಿಚಿತ್ರವೆಂದರೆ ಅವರು ಹಿಂದೊಮ್ಮೆ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದವರು. ಪ್ಲೆಸ್ಸಿಯು 25 ಡಾಲರ್ ದಂಡವನ್ನು ತೆತ್ತನು. ಪ್ಲೆಸ್ಸಿಯು ಬಂಡಿ ಹತ್ತಿದ ದಿನಕ್ಕೆ ಸರಿಯಾಗಿ ಒಂದು ವರ್ಷದ ಮೇಲೆ, 1893ನೆಯ ಜೂನ್ 7ರಂದು, ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಯುವಕ ಬ್ಯಾರಿಸ್ಟರ್ ಗಾಂಧಿಯವರನ್ನು ಮೊದಲನೆಯ ತರಗತಿಯ ಡಬ್ಬಿಯಿಂದ ಹೊರಕ್ಕೆ ದಬ್ಬಿದರು. ಇವರಿಬ್ಬರೂ ಒಬ್ಬರನ್ನೊಬ್ಬರು ಅರಿಯರು.

ಈಗ ಭಾರತೀಯರ ಮಾತು. ಅಮೇರಿಕಾದಲ್ಲಿ ನಮ್ಮವರು ಬಿಳಿಯರೋ ಕರಿಯರೋ? 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರು, ತಾವು ಉಚ್ಚ ಕುಲದ ಆರ್ಯರಾದ್ದರಿಂದ ಬಿಳಿಯರೆಂದೇ ಎಣಿಸಲ್ಪಡಬೇಕು, ಪೌರತ್ವವು ದೊರೆಯಬೇಕು ಎಂದು ಅದೇ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ನ್ಯಾಯಾಲಯವು ಒಪ್ಪಲಿಲ್ಲ; ಭಾರತೀಯರಿಗೆ ಪೌರತ್ವದ ಬಾಗಿಲು 1946ರವರೆಗೆ ಮುಚ್ಚಿತು. ಥಿಂಡರನ್ನು ನಾವು ದೂಷಿಸುವುದಿಲ್ಲ. ಅವರು ಅಮೇರಿಕಾದ ಸೈನ್ಯದಲ್ಲಿ ಸೇವೆಮಾಡಿದ್ದವರು, ಹಕ್ಕನ್ನು ಕೇಳುವ ಯೋಗ್ಯತೆಯಿದ್ದವರು. ಆದರೂ ಆ ವಾದದ ಬುಡದಲ್ಲಿದ್ದುದು ಏನು? ಗೋಡೆಯನ್ನು ಕೆಡವಿರೆಂಬುದಲ್ಲ, ನನ್ನನ್ನು ಗೋಡೆಯ ಆಚೆಗೆ ಎತ್ತಿಕೊಳ್ಳಿರೆಂಬುದು.

ಇಂತಹ ದೇಶದಲ್ಲಿ, ಪ್ಲೆಸ್ಸಿಯ ಲೂಯಿಸಿಯಾನಾ ಸಂಸ್ಥಾನದಲ್ಲಿಯೇ, ಕಮಲಾದೇವಿಯವರು ಸೀರೆಯುಟ್ಟು ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದರು. ಟಿಕೇಟು ಪರೀಕ್ಷಿಸುವವನು ಬಂದು, ಎದ್ದು ಕರಿಯರ ಡಬ್ಬಿಗೆ ಹೋಗಬೇಕೆಂದು ಆಜ್ಞಾಪಿಸಿದನು. ಆಕೆ ಏಳಲಿಲ್ಲ. ಅವನು ಹೊರಟುಹೋದನು, ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದನು. ಅವನಿಗೆ ಸಂಶಯವು ಹುಟ್ಟಿತ್ತು. ಚರ್ಮದ ಬಣ್ಣವು ಕಂದು, ಉಡುಗೆಯು ಪರದೇಶದ್ದು, ಮಾತಿನ ಗಾಂಭೀರ್ಯವು ಬೇರೆ. ಪರದೇಶದ ಮಾನ್ಯ ಸ್ತ್ರೀಯೊಬ್ಬಳನ್ನು ಕೆಣಕಿದರೆ ತನಗೇ ತೊಂದರೆ, ಕರಿಯಳನ್ನು ಹಾಗೆಯೇ ಬಿಟ್ಟರೂ ತನಗೇ ತೊಂದರೆ. ತಪ್ಪಿದರೆ ದಂಡವು ಅವನಿಗೂ ಇದ್ದಿತೆಂಬುದನ್ನು ಮೇಲೆ ಹೇಳಿದೆವಷ್ಟೆ. ಎಲ್ಲಿಂದ ಬಂದವರೆಂದು ವಿಚಾರಿಸಿದನು. ನ್ಯೂಯಾರ್ಕಿನಿಂದ ಬಂದೆನೆಂದು ಆಕೆ ಉತ್ತರವಿತ್ತರು. ತಾನು ಕೇಳಿದುದು ಯಾವ ದೇಶದವರೆಂಬುದಾಗಿ ಅವನು ಸ್ಪಷ್ಟಪಡಿಸಿದನು.

ಇಲ್ಲಿ ನಾವು ಸ್ವಲ್ಪ ತಡೆಯುವೆವು. ಬಾಗಿಲು ಅವರ ಮುಂದೆ ತಾನಾಗಿ ತೆರೆದಿದ್ದಿತು. ಭಾರತದವಳೆಂದು ಒಂದು ಮಾತು ಹೇಳಿದ್ದರೆ ಸಾಕಾಗುತ್ತಿದ್ದಿತು. ಅದು ಸುಳ್ಳೂ ಅಲ್ಲ. ಪರದೇಶದ ಅತಿಥಿಯೆಂದು ಅವನು ಬಿಟ್ಟುಬಿಡಬಹುದಾಗಿತ್ತು; ಕಾಯಿದೆಯೂ ಕೆಡದು, ಆಕೆಯ ಪ್ರಯಾಣವೂ ಕೆಡದು. ಆದರೆ ಹಾಗೆ ಪಾರಾಗುವುದೆಂದರೆ, ಎದ್ದುಹೋಗಬೇಕಾದವರು ಬೇರೆ ಇದ್ದಾರೆ, ನಾನು ಅವರವಳಲ್ಲ ಎಂದು ಒಪ್ಪಿಕೊಂಡಂತೆ. ಕಮಲಾದೇವಿಯವರು ಆ ದಾರಿಯನ್ನು ಹಿಡಿಯಲಿಲ್ಲ. ದೇಶ ಯಾವುದಾದರೂ ವ್ಯತ್ಯಾಸವಿಲ್ಲವೆಂದೂ, ತಾನು ವರ್ಣೀಯ ಸ್ತ್ರೀಯೆಂಬುದು ಕಣ್ಣಿಗೆ ಕಾಣುತ್ತಲೇ ಇದೆಯೆಂದೂ, ತನಗೆ ತೊಂದರೆ ಕೊಡುವ ಅವಶ್ಯವಿಲ್ಲವೆಂದೂ, ಅಲ್ಲಿಂದ ಕದಲುವ ಉದ್ದೇಶವೇ ತನಗಿಲ್ಲವೆಂದೂ ತಿಳಿಸಿದರು. ಅವನು ತನ್ನೊಳಗೆ ತಾನೇ ಈಕೆ ಭಾರತದವಳೆಂದು ಗೊಣಗಿಕೊಂಡು ಹೊರಟುಹೋದನು. ಮತ್ತೆ ಬರಲಿಲ್ಲ.

ಗದ್ದಲವಿಲ್ಲ, ಬಂಧನವಿಲ್ಲ, ವೃತ್ತಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಿಲ್ಲ. ಕಾಯಿದೆಯು ಎಂದಿನಂತೆಯೇ ಉಳಿಯಿತು. ಅದೇ ರೈಲಿನಲ್ಲಿ ಕರಿಯರ ಡಬ್ಬಿಯಲ್ಲಿ ಕುಳಿತಿದ್ದವರಿಗೆ ಹೀಗೊಂದು ನಡೆಯಿತೆಂಬುದು ತಿಳಿದಿರಲಾರದು. ಅಲ್ಲಿಯ ಕರಿಯ ಸ್ತ್ರೀಯೊಬ್ಬಳು ಅದೇ ಮಾತನ್ನು ಹೇಳಿದ್ದರೆ ಸೆರೆಮನೆಯೋ ಅದಕ್ಕಿಂತ ಹೆಚ್ಚಿನದೋ ಕಾದಿರುತ್ತಿತ್ತೆಂಬುದನ್ನೂ ನಾವು ಮರೆಯಬಾರದು. ಕಮಲಾದೇವಿಯವರು ಬೇಡವೆಂದರೂ ಪರದೇಶದವಳೆಂಬ ಸವಲತ್ತು ಕಡೆಗೆ ಅವರನ್ನು ಕಾಯಿತು. ಆದುದರಿಂದ ಇದನ್ನು ಮಹಾವಿಜಯವೆಂದು ಹೊಗಳಲು ನಾವು ಹೊರಟಿಲ್ಲ. ಕುಲದಲ್ಲಿ ಬ್ರಾಹ್ಮಣರಾಗಿ, ಥಿಂಡರಂತೆ ಆರ್ಯತ್ವವನ್ನು ಮುಂದಿಡಲು ಎಲ್ಲ ಅನುಕೂಲಗಳೂ ಇದ್ದ ಒಬ್ಬ ಸ್ತ್ರೀಯು, ಯಾರೂ ನೋಡದ ಕಡೆಯಲ್ಲಿ, ಕೆಳಗೆ ತಳ್ಳಲ್ಪಟ್ಟವರ ಹೆಸರನ್ನೇ ತನ್ನ ಹೆಸರಾಗಿ ತೆಗೆದುಕೊಂಡರೆಂಬುದಷ್ಟೇ ನಮ್ಮ ಮನಸ್ಸನ್ನು ಹಿಡಿದದ್ದು.

ಈ ಸಂಗತಿಯನ್ನು ನಾವು ಮೊದಲು ಓದಿದಾಗ ಬಹಳ ಹೆಮ್ಮೆಪಟ್ಟೆವು. ಮನೆಯಲ್ಲಿ ಎಲ್ಲರಿಗೂ ಹೇಳಿದೆವು. ನಮ್ಮ ಬಾಲ್ಯವು ಕುರುಗೋಡಿನ ಕಡೆಯ ಒಂದು ಹಳ್ಳಿಯಲ್ಲಿ ಕಳೆಯಿತು. ಹಿತ್ತಿಲ ಬಾಗಿಲ ಪಕ್ಕದಲ್ಲಿ, ಗೋಡೆಯ ಗೂಡಿನಲ್ಲಿ, ಒಂದು ತೆಂಗಿನ ಚಿಪ್ಪು ಇರುತ್ತಿದ್ದಿತು. ದನದ ಕೊಟ್ಟಿಗೆಯನ್ನು ಗುಡಿಸಲು ಬರುತ್ತಿದ್ದ ಹೆಂಗಸಿಗೆ ನೀರನ್ನು ಅದರಲ್ಲಿ, ಅದೂ ಮೇಲಿನಿಂದ, ಹೊಯ್ಯುತ್ತಿದ್ದರು. ನಾವೂ ಹೊಯ್ದಿದ್ದೇವೆ. ಲೂಯಿಸಿಯಾನಾದ ಡಬ್ಬಿಯ ಕಥೆಯನ್ನು ಅಜ್ಜಿಗೆ ಆವೇಶದಿಂದ ಹೇಳುತ್ತಿದ್ದಾಗ, ಅಜ್ಜಿಯು ಆ ಗೂಡಿನ ಕಡೆಗೆ ನೋಡಿ ಸುಮ್ಮನಾದುದು ನಮಗೆ ನೆನಪಿದೆ. ಆ ದಿನವೇ ಚಿಪ್ಪು ಅಲ್ಲಿಂದ ಹೋಯಿತೆಂದು ಬರೆಯಲು ಇಷ್ಟವಾಗುತ್ತದೆ, ಆದರೆ ಹೋಗಲಿಲ್ಲ. ಅಜ್ಜಿಯು ತೀರಿಕೊಂಡ ಮೇಲೆ ಹೋಯಿತು. ಆ ಹೆಂಗಸಿನ ಮೊಮ್ಮಗಳು ನಮ್ಮದೇ ಶಾಲೆಯಲ್ಲಿ ಓದಿ ಈಗ ಬೇರೊಂದು ಊರಿನಲ್ಲಿ ಉಪಾಧ್ಯಾಯಿನಿಯಾಗಿದ್ದಾಳೆ. ಈ ಸಂಚಿಕೆಯು ಅವಳ ಕೈಯನ್ನೂ ಸೇರುವುದು.

ನಮ್ಮಲ್ಲಿದ್ದುದು ಆಚಾರ, ಅಲ್ಲಿದ್ದುದು ಕಾಯಿದೆ, ಎರಡನ್ನೂ ಹೋಲಿಸಬಾರದೆಂದು ಕೆಲವರು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ನಮ್ಮ ದೇಶದ ರೈಲುಗಳಲ್ಲಿಯೂ ಐರೋಪ್ಯರಿಗೆ ಮೀಸಲಾದ ಡಬ್ಬಿಗಳಿದ್ದವು. ನಮ್ಮ ಮದ್ರಾಸು ಪ್ರಾಂತ್ಯದಲ್ಲಿಯೇ 1911ರ ಅಪರಾಧೀ ಬುಡಕಟ್ಟುಗಳ ಕಾಯಿದೆಯು ಕೊರವರೇ ಮೊದಲಾದ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಲ್ಲಿ ಬರೆಯಿತು. ಅಧಿಕಾರಿಯ ಮುಂದೆ ಹಾಜರಿ ಕೊಡದೆ ಅವರು ಊರಿಂದೂರಿಗೆ ಹೋಗುವಂತಿರಲಿಲ್ಲ. ತೊಟ್ಟಿಲಿನ ಮಗುವು ಯಾವ ಕಳವನ್ನು ಮಾಡಿದ್ದೀತು? ಆ ಕಾಯಿದೆಯು ಮದ್ರಾಸಿನಲ್ಲಿ 1947ರಲ್ಲಿಯೂ ದೇಶದಲ್ಲೆಲ್ಲ 1952ರಲ್ಲಿಯೂ ರದ್ದಾಯಿತು. ಇನ್ನೊಂದು ಕಡೆಯಲ್ಲಿ, ಸಾರ್ವಜನಿಕ ಬಾವಿ, ರಸ್ತೆ ಮೊದಲಾದವುಗಳ ಉಪಯೋಗವನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತಪ್ಪಿಸಬಾರದೆಂದು ಮದ್ರಾಸು ಶಾಸನಸಭೆಯು 1938ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ರಾಜ್ಯಾಂಗದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರಲ್ಲಿ ಅದರ ಆಚರಣೆಯು ದಂಡನೀಯ ಅಪರಾಧವಾಯಿತು. ಹೀಗಿದ್ದರೂ ನಮ್ಮ ಕಡೆಯ ಹಳ್ಳಿಯ ಚಹದ ಅಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟವನ್ನು ಇಡುತ್ತಿದ್ದುದು ಬಹುಕಾಲ ನಿಲ್ಲಲಿಲ್ಲ. ಅಮೇರಿಕಾದಲ್ಲಿ ಕಾಯಿದೆಯು ಗೋಡೆಯನ್ನು ಕಟ್ಟಿತು. ನಮ್ಮಲ್ಲಿ ಕಾಯಿದೆಯು ಗೋಡೆಯನ್ನು ಕೆಡವಿದ ಮೇಲೆಯೂ ಜನರು ಗೋಡೆಯಿದ್ದಂತೆಯೇ ಸುತ್ತಿಕೊಂಡು ನಡೆದರು. ಯಾವುದು ಹೆಚ್ಚು ಕೆಟ್ಟದ್ದೆಂದು ನಿರ್ಣಯಿಸುವುದು ನಮ್ಮ ಶಕ್ತಿಗೆ ಮೀರಿದ್ದು.

ಅಮೇರಿಕಾದ ಗೋಡೆಯು ಬೀಳಲು ಇನ್ನೂ ಕಾಲ ಹಿಡಿಯಿತು. 1954ನೆಯ ಮೇ 17ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1955ನೆಯ ಡಿಸೆಂಬರ್ 1ರಂದು ಮಾಂಟ್‌ಗಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಕೆಲಸದಾಕೆಯು ಬಸ್ಸಿನ ಆಸನವನ್ನು ಬಿಟ್ಟುಕೊಡದೆ ಬಂಧಿತಳಾದಳು. ಆ ಊರಿನ ಕರಿಯ ಜನರು 381 ದಿನಗಳ ಕಾಲ ಬಸ್ಸನ್ನೇ ಹತ್ತದೆ, ಕೆಲಸಕ್ಕೆ ನಡೆದೇ ಹೋದರು. ಬೇಸಗೆಯಲ್ಲಿ ಬಳ್ಳಾರಿಯ ಬೀದಿಗಳಲ್ಲಿ ನಡೆದವರಿಗೆ 381 ದಿನಗಳೆಂದರೇನೆಂಬುದು ಗೊತ್ತು. ಕಡೆಗೆ 1964ರ ಪೌರಹಕ್ಕುಗಳ ಕಾಯಿದೆಯು ಹೋಟೆಲು, ಉಪಾಹಾರಗೃಹ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಈ ಭೇದವನ್ನು ನಿಷೇಧಿಸಿತು. ರೋಸಾ ಪಾರ್ಕ್ಸಳಿಗಿಂತ ಹದಿನಾಲ್ಕು ವರ್ಷಗಳಷ್ಟು ಮುಂಚೆ ಮಂಗಳೂರಿನ ಮಗಳೊಬ್ಬಳು ಹಾಗೆಯೇ ಕುಳಿತಿದ್ದಳೆಂದು ಹೇಳಿ ಯಾರ ಕೀರ್ತಿಯನ್ನೂ ಕಡಿಮೆಮಾಡುವುದು ನಮ್ಮ ಉದ್ದೇಶವಲ್ಲ; ಪ್ಲೆಸ್ಸಿಗೂ ಮುಂಚೆ ಕುಳಿತವರಿದ್ದರು.

ಅಮೇರಿಕಾದಿಂದ ಕಮಲಾದೇವಿಯವರು ಜಪಾನು ಚೀನಾಗಳನ್ನು ಹಾದು ಸ್ವದೇಶಕ್ಕೆ ಬಂದರು. ತಾವು ಕಂಡ ಅಮೇರಿಕಾದ ಮೇಲೆ ಎರಡು ಪುಸ್ತಕಗಳನ್ನು ಬರೆದರು. ಸ್ವಾತಂತ್ರ್ಯವು ಬಂದ ಮೇಲೆ ಅಧಿಕಾರದ ಪದವಿಗಳನ್ನು ಅರಸದೆ, ವಾಯವ್ಯ ಗಡಿ ಪ್ರಾಂತ್ಯದಿಂದ ಮನೆಮಾರು ಕಳೆದುಕೊಂಡು ಬಂದವರಿಗಾಗಿ ಸಹಕಾರ ಸಂಘವನ್ನು ಕಟ್ಟಿ, ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ನೆಲೆಗೊಳಿಸಲು ಶ್ರಮಿಸಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ, ಕುಂಬಾರ, ನೇಕಾರ, ಕಂಚುಗಾರ, ಚಾಪೆ ಹೆಣೆಯುವವರ ಗುಡಿಸಲುಗಳನ್ನು ಹುಡುಕಿಕೊಂಡು ದೇಶವನ್ನೆಲ್ಲ ತಿರುಗಿದರು. ಅಂತಹ ಕಸುಬಿನವರಲ್ಲಿ ಬಹುಮಂದಿ ಊರಿನ ಹೊರಗೆ ಇರಿಸಲ್ಪಟ್ಟವರೇ. ನೆಲದ ಮೇಲೆ ಅವರ ಜೊತೆಯಲ್ಲಿ ಕುಳಿತು, ಮಾಡಿದ ವಸ್ತುವಿನ ಬೆಲೆಯನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳುತ್ತಿದ್ದರು. ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಾಗ ಕಮಲಾದೇವಿಯವರು ಬದುಕಿರಲಿಲ್ಲ. ಇದ್ದಿದ್ದರೆ ಮೊದಲು ಸಂತೋಷಪಡುವವರು ಅವರೇ ಆಗಿರುತ್ತಿದ್ದರು.

1966ರಲ್ಲಿ ಮ್ಯಾಗ್ಸೇಸೆ ಪಾರಿತೋಷಕವೂ, 1987ರಲ್ಲಿ ಪದ್ಮವಿಭೂಷಣವೂ ಸಂದವು. 1986ರಲ್ಲಿ ಆತ್ಮಕಥೆಯು ಪ್ರಕಟವಾಯಿತು. ಎಂಬತ್ತೈದು ವರ್ಷಗಳ ತುಂಬುಬಾಳನ್ನು ಬಾಳಿ, 1988ನೆಯ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ದೇಹಬಿಟ್ಟರು. ದಕ್ಷಿಣ ಆಫ್ರಿಕಾದಲ್ಲಿ ಅಂದಿಗೂ ವರ್ಣಭೇದದ ಆಡಳಿತವೇ ನಡೆದಿತ್ತು. ನೆಲ್ಸನ್ ಮಂಡೇಲರು ಸೆರೆಯಲ್ಲಿಯೇ ಇದ್ದರು. ಅವರು ಹೊರಬಂದುದು 1990ನೆಯ ಫೆಬ್ರವರಿ 11ರಂದು.